ಓರೆಯಾಗಿ ಮೂಡುವ ಕಡೆಯ ದವಡೆಹಲ್ಲು

ನರಗುಂದ ತಾಲ್ಲೂಕಿನ ಶಿರೋಳದಲ್ಲಿ ತೋಂಟದಾರ್ಯ ಮಠದ ಜಾತ್ರೆಯ ಕಾಲಕ್ಕೆ ನಡೆಯುವ ರೊಟ್ಟಿ ಊಟವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಮನೆಮನೆಗಳಿಂದ ಬಂದ ಜೋಳದ ಖಡಕ್ ರೊಟ್ಟಿಗಳನ್ನು ಒಟ್ಟಿ, ಬಂದವರೆಲ್ಲರಿಗೂ ಕರಿಂಡಿಯೊಡನೆ ಬಡಿಸುವ ಸಂಭ್ರಮ ಅದು. ಆ ರೊಟ್ಟಿಯನ್ನು ಮುರಿದು ಬಾಯಿಗಿಟ್ಟು ನುರಿಸಬೇಕಾದರೆ ಹಲ್ಲು ಗಟ್ಟಿಯಾಗಿರಬೇಕು, ದವಡೆ ಚೆನ್ನಾಗಿ ತೆರೆಯಬೇಕು. ಅಂಥ ಪಂಕ್ತಿಯೊಂದರಲ್ಲಿ ನಮ್ಮ ಭೌತಶಾಸ್ತ್ರದ ತರಗತಿಯ ವಿದ್ಯಾರ್ಥಿಯೊಬ್ಬನು, ಅದೇ ಊರಿನವನು, ಹತ್ತೊಂಬತ್ತು ವರ್ಷದ ತರುಣ, ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಯಿಸಿ ನುಂಗುತ್ತ ಕುಳಿತಿದ್ದನು. ಪಕ್ಕದಲ್ಲಿದ್ದ ಅವನ ಅಜ್ಜಿ, "ಅಲ್ಲೋ ತಮ್ಮಾ, ನನಗ ಹಲ್ಲಿಲ್ಲಂತ ನಾ ನೆನಸಿ ತಿಂತೀನಿ, ನಿನಗೇನಾಗೇತಿ?" ಎಂದು ಕೇಳಿದಳಂತೆ. ಅವನಿಗೆ ಆಗಿದ್ದುದಿಷ್ಟೆ: ಕೆಳದವಡೆಯ ಎಡಗಡೆಯಲ್ಲಿ ಕಟ್ಟಕಡೆಯ ಹಲ್ಲು ಓರೆಯಾಗಿ ಮೂಡುತ್ತಲಿತ್ತು, ಅದರ ಮೇಲಿನ ವಸಡು ಊದಿಕೊಂಡು ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು.

ರಜೆ ಮುಗಿಸಿ ಬಂದವನು ನಮ್ಮನ್ನು ಕೇಳಿದ ಪ್ರಶ್ನೆ ಸರಳವಾದುದು: "ಸರ್, ಇದನ್ನು ಕೀಳಿಸಬೇಕೋ, ಬಿಡಬೇಕೋ?" ಹಲ್ಲು ಕಿತ್ತರೆ ಕಣ್ಣಿಗೆ ಕೇಡು ಎಂದು ಅವನ ತಂದೆ ಹೇಳಿದ್ದರು. ನಾಲ್ಕನ್ನೂ ಒಮ್ಮೆಲೆ ಕೀಳಿಸಿಬಿಡು ಎಂದು ಗೆಳೆಯನು ಹೇಳಿದ್ದನು. ಔಷಧದ ಅಂಗಡಿಯಿಂದ ತಂದ ಗುಳಿಗೆಗಳನ್ನು ಅವನು ಆಗಲೇ ಎರಡು ಸಲ ನುಂಗಿ, ಎರಡು ಸಲವೂ ನೋವು ಹೋಗಿ ಮತ್ತೆ ಬಂದಿತ್ತು. ವಾರ್ಷಿಕ ಪರೀಕ್ಷೆಗೆ ಒಂದೂವರೆ ತಿಂಗಳು ಉಳಿದಿತ್ತು. ನಾವು ವೈದ್ಯರಲ್ಲ. ಅವನನ್ನು ದಂತವೈದ್ಯರಲ್ಲಿಗೆ ಕಳುಹಿಸಿದೆವು. ಆದರೆ ಅವನ ಪ್ರಶ್ನೆಯ ಹಿಂದೆ ಕೋನ, ಬಲ, ಸನ್ನೆ, ನೆರಳು ಎಂಬ ನಮ್ಮ ಶಾಸ್ತ್ರದ ವಿಷಯಗಳೇ ಅಡಗಿರುವುದನ್ನು ಕಂಡು, ಅದೇ ವಯಸ್ಸಿನ ಇತರ ವಿದ್ಯಾರ್ಥಿಗಳಿಗೂ ಉಪಯೋಗವಾದೀತೆಂದು ಇಲ್ಲಿ ಕ್ರಮವಾಗಿ ವಿಚಾರಿಸುತ್ತೇವೆ.

ಸಾಲಿನ ಕಡೆಯ ಅತಿಥಿ

ಪ್ರಾಯದ ಮನುಷ್ಯನಿಗೆ ಒಟ್ಟು ೩೨ ಹಲ್ಲುಗಳು. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಎಂದು ನಾಲ್ಕು ಪಾಲು ಮಾಡಿದರೆ ಪಾಲಿಗೆ ಎಂಟು. ಅವುಗಳಲ್ಲಿ ಹಿಂದಿನ ಮೂರು ದೊಡ್ಡ ದವಡೆಹಲ್ಲುಗಳು. ಮೊದಲನೆಯದು ಸುಮಾರು ೬ನೆಯ ವರ್ಷದಲ್ಲಿ, ಎರಡನೆಯದು ಸುಮಾರು ೧೨ನೆಯ ವರ್ಷದಲ್ಲಿ ಮೂಡುವುವು. ಮೂರನೆಯದು ಸಾಮಾನ್ಯವಾಗಿ ೧೭ರಿಂದ ೨೧ರವರೆಗೆ, ಕೆಲವರಿಗೆ ಇನ್ನೂ ತಡವಾಗಿ ಕಾಣಿಸಿಕೊಳ್ಳುವುದು. ಬುದ್ಧಿ ಬಲಿಯುವ ವಯಸ್ಸಿನಲ್ಲಿ ಬರುವುದರಿಂದ ಅದಕ್ಕೆ ಬುದ್ಧಿಹಲ್ಲು ಎಂದು ಹೆಸರು. ಮರಾಠಿಯಲ್ಲಿ ಅಕ್ಕಲದಾಢ ಎನ್ನುವುದೂ ಇದೇ ಅರ್ಥದಿಂದ. ಹೆಸರಿಗೂ ಬುದ್ಧಿಗೂ ಬೇರೆ ಸಂಬಂಧವೇನೂ ಇಲ್ಲ. ಐವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಜನರಲ್ಲಿ ಈ ನಾಲ್ಕರ ಪೈಕಿ ಒಂದಾದರೂ ಹುಟ್ಟುವುದೇ ಇಲ್ಲ. ಅವರು ಯಾರಿಗಿಂತಲೂ ದಡ್ಡರಲ್ಲ.

ಹಲ್ಲು ವಸಡಿನಿಂದ ಹೊರಗೆ ಬರುವ ಎಷ್ಟೋ ವರ್ಷ ಮೊದಲೇ ಅದರ ಮೊಗ್ಗು ಮೂಳೆಯೊಳಗೆ ಬೆಳೆಯುತ್ತಿರುವುದು. ಬುದ್ಧಿಹಲ್ಲಿನ ತಲೆಯ ಭಾಗಕ್ಕೆ ಸುಣ್ಣದ ಅಂಶ ಕೂಡತೊಡಗುವುದು ಸುಮಾರು ೮ರಿಂದ ೧೦ನೆಯ ವರ್ಷದಲ್ಲಿ. ಕೆಳದವಡೆಯ ಮೊಗ್ಗು ಹುಟ್ಟುವ ಜಾಗವು ದವಡೆಯು ಮೇಲಕ್ಕೆ ತಿರುಗುವ ಮೂಲೆಯಲ್ಲಿರುವುದರಿಂದ ಅದು ಮೊದಲಿನಿಂದಲೇ ಮುಂದಕ್ಕೆ ಓರೆಯಾಗಿರುತ್ತದೆ. ಹುಡುಗನು ಬೆಳೆದಂತೆ ದವಡೆಯ ಏರುಭಾಗದ ಮುಂಚಿನ ಅಂಚು ಕರಗುತ್ತ, ಹಿಂದಿನ ಅಂಚಿಗೆ ಹೊಸ ಮೂಳೆ ಸೇರುತ್ತ ಹೋಗುವುದು. ಹೀಗೆ ಹಿಂದೆ ಜಾಗವುಂಟಾದಷ್ಟೂ ಮೊಗ್ಗು ನಿಧಾನವಾಗಿ ನೆಟ್ಟಗಾಗುವುದು. ಆದುದರಿಂದ ಓರೆಯಾಗಿರುವುದು ಈ ಹಲ್ಲಿಗೆ ಬಂದ ರೋಗವಲ್ಲ, ಅದು ಹುಟ್ಟಿನ ಸ್ಥಿತಿ. ನೆಟ್ಟಗಾಗಲು ಬೇಕಾದ ಜಾಗವೂ ಕಾಲವೂ ದೊರೆಯದೆ ಹೋದಾಗಲೇ ತೊಡಕು ಹುಟ್ಟುವುದು.

ಸ್ಥಳವೇಕೆ ಸಾಲದು?

ದವಡೆಯ ಮೂಳೆಯೂ ದೇಹದ ಇತರ ಮೂಳೆಗಳಂತೆ ದುಡಿದಷ್ಟು ಬೆಳೆಯುವುದು. ನಮ್ಮ ಪೂರ್ವಿಕರು ಗಡುಸಾದ ಕಾಳು, ಗೆಡ್ಡೆ, ಮಾಂಸಗಳನ್ನು ಬಾಲ್ಯದಿಂದಲೂ ಅಗಿಯುತ್ತಿದ್ದರು. ಅಡುಗೆ, ಬೀಸುವ ಕಲ್ಲು, ಮುಂದೆ ಗಿರಣಿಗಳು ಬಂದಂತೆ ಹಲ್ಲಿನ ಕೆಲಸ ಬಾಯಿಯ ಹೊರಗೇ ಮುಗಿಯತೊಡಗಿತು. ಹಲ್ಲಿನ ಗಾತ್ರವನ್ನು ಬಹುಮಟ್ಟಿಗೆ ಅನುವಂಶಿಕತೆಯು ನಿರ್ಧರಿಸುವುದರಿಂದ ಅದು ಅಷ್ಟು ಬೇಗ ಕುಗ್ಗಲಿಲ್ಲ. ದವಡೆ ಮಾತ್ರ ಚಿಕ್ಕದಾಯಿತು ಎಂಬುದು ಇಂದು ಬಲವಾದ ವಾದ. ೨೦೦೪ರಲ್ಲಿ ಡೇನಿಯಲ್ ಲೀಬರ್‌ಮನ್ ಮತ್ತು ಸಹೋದ್ಯೋಗಿಗಳು ಹೈರಾಕ್ಸ್ ಎಂಬ ಸಣ್ಣ ಪ್ರಾಣಿಗಳ ಒಂದು ಗುಂಪಿಗೆ ಬೇಯಿಸಿದ ಮೆತ್ತನೆಯ ಆಹಾರವನ್ನೂ ಇನ್ನೊಂದಕ್ಕೆ ಹಸಿಯ ಗಡುಸು ಆಹಾರವನ್ನೂ ಕೊಟ್ಟು ಸಾಕಿದರು. ಮೆತ್ತನೆಯ ಆಹಾರ ತಿಂದವುಗಳಲ್ಲಿ ಮುಖದ ಕೆಳಭಾಗ ಮತ್ತು ದವಡೆಗಳ ಬೆಳವಣಿಗೆ ಸುಮಾರು ನೂರಕ್ಕೆ ಹತ್ತರಷ್ಟು ಕಡಿಮೆಯಾಗಿತ್ತು. ಅದಕ್ಕೂ ಮೊದಲು, ೧೯೮೩ರಲ್ಲಿ, ರಾಬರ್ಟ್ ಕೊರುಚೀನಿ ಮತ್ತು ಸಂಗಡಿಗರು ಉತ್ತರ ಭಾರತದ ತರುಣರ ಹಲ್ಲಿನ ಸಾಲುಗಳನ್ನು ಪರೀಕ್ಷಿಸಿ, ಹಳ್ಳಿಯವರಿಗಿಂತ ಮೆತ್ತನೆಯ ಆಹಾರದ ಪಟ್ಟಣದವರಲ್ಲಿ ಹಲ್ಲಿನ ಸಾಲು ಹೆಚ್ಚು ಕೆಟ್ಟಿರುವುದನ್ನು ಕಂಡಿದ್ದರು.

ಇಲ್ಲಿ ವಿದ್ಯಾರ್ಥಿಗಳು ಒಂದು ಎಚ್ಚರಿಕೆಯನ್ನು ಮರೆಯಬಾರದು. ಇವು ಗುಂಪುಗಳನ್ನು ಕುರಿತ ಮಾತುಗಳು, ಒಬ್ಬೊಬ್ಬ ವ್ಯಕ್ತಿಗೆ ನೇರವಾಗಿ ಅನ್ವಯಿಸುವ ನಿಯಮಗಳಲ್ಲ. ನಮ್ಮ ಶಿರೋಳದ ಹುಡುಗನು ಹಾಲುಹಲ್ಲಿನ ಕಾಲದಿಂದ ಖಡಕ್ ರೊಟ್ಟಿ ತಿಂದು ಬೆಳೆದವನು. ಆದರೂ ಅವನ ಹಲ್ಲು ಓರೆಯಾಯಿತು. ತಂದೆತಾಯಿಗಳಿಂದ ಬಂದ ಹಲ್ಲಿನ ಗಾತ್ರ, ದವಡೆಯ ಅಳತೆ, ಮೊಗ್ಗಿನ ಮೊದಲ ಓರೆ ಇವೆಲ್ಲವೂ ಲೆಕ್ಕದಲ್ಲಿ ಸೇರುತ್ತವೆ. ಲೋಕದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಒಂದಾದರೂ ಬುದ್ಧಿಹಲ್ಲು ಹೀಗೆ ಸಿಕ್ಕಿಕೊಂಡಿರುತ್ತದೆಂದು ಅಂದಾಜು.

ಓರೆಯನ್ನು ಅಳೆಯುವ ಬಗೆ

ಯಾವುದನ್ನೇ ಆಗಲಿ ವಿಚಾರಿಸುವ ಮೊದಲು ಅದನ್ನು ಅಳೆಯಬೇಕು. ೧೯೨೬ರಲ್ಲಿ ಅಮೆರಿಕದ ದಂತವೈದ್ಯ ಜಾರ್ಜ್ ವಿಂಟರ್ ಸಿಕ್ಕಿಕೊಂಡ ಕೆಳಬುದ್ಧಿಹಲ್ಲುಗಳನ್ನು ಅವುಗಳ ಓರೆಗೆ ತಕ್ಕಂತೆ ವರ್ಗೀಕರಿಸಿದನು. ಎರಡನೆಯ ದವಡೆಹಲ್ಲಿನ ನಡುವೆ ಒಂದು ಉದ್ದಗೆರೆಯನ್ನೂ ಮೂರನೆಯದರ ನಡುವೆ ಇನ್ನೊಂದನ್ನೂ ಎಳೆದು ಅವುಗಳ ನಡುವಣ ಕೋನವನ್ನು ಅಳೆಯುವುದು ಇಂದಿನ ರೂಢಿ. ಒಂದು ಕ್ರಮದ ಪ್ರಕಾರ ಕೋನವು ೧೦ ಡಿಗ್ರಿಯ ಒಳಗಿದ್ದರೆ ಹಲ್ಲು ನೆಟ್ಟಗಿದೆ ಎನ್ನುವರು. ತಲೆಯು ಮುಂದಿನ ಹಲ್ಲಿನ ಕಡೆಗೆ ೧೧ರಿಂದ ೭೯ ಡಿಗ್ರಿ ಬಾಗಿದ್ದರೆ ಅದನ್ನು ಮುಂದೋರೆ ಎನ್ನೋಣ. ಹಿಂದಕ್ಕೆ ಬಾಗಿದ್ದರೆ ಹಿಂದೋರೆ. ೮೦ರಿಂದ ೧೦೦ ಡಿಗ್ರಿಯಾದರೆ ಹಲ್ಲು ಅಡ್ಡಲಾಗಿ ಮಲಗಿದೆ ಎಂದರ್ಥ. ಕೆಳದವಡೆಯಲ್ಲಿ ಅತಿ ಸಾಮಾನ್ಯವಾದುದು ಮುಂದೋರೆ. ಇದಕ್ಕೆ ಕಾರಣವನ್ನು ಮೊಗ್ಗಿನ ಮೊದಲ ಸ್ಥಿತಿಯಲ್ಲಿ ಆಗಲೇ ಕಂಡೆವು.

ಓರೆಯಾದ ಹಲ್ಲು ತಾನಾಗಿ ನೆಟ್ಟಗಾಗುವುದು ಏಕೆ ಕಷ್ಟವೆಂಬುದನ್ನು ಹಳ್ಳಿಯ ಅನುಭವದಿಂದಲೇ ತಿಳಿಯಬಹುದು. ಮಂಚವನ್ನು ಚಿಕ್ಕ ಕೋಣೆಯಲ್ಲಿ ತಿರುಗಿಸಿ ನಿಲ್ಲಿಸಲು ಹೋದವರೆಲ್ಲರೂ ಬಲ್ಲ ಸಂಗತಿ: ನೆಟ್ಟಗೆ ನಿಲ್ಲಿಸಿದಾಗಲೂ ಹಿಡಿಸುವುದು, ಮಲಗಿಸಿದಾಗಲೂ ಹಿಡಿಸುವುದು, ನಡುವೆ ಓರೆಯಾಗಿರುವಾಗ ಗೋಡೆಗೆ ತಾಗುವುದು. ಕೆಳಬುದ್ಧಿಹಲ್ಲನ್ನು ೧೮ ಮಿಲಿಮೀಟರ್ ಉದ್ದ, ೧೧ ಮಿಲಿಮೀಟರ್ ಅಗಲದ ಒಂದು ಪೆಟ್ಟಿಗೆಯೆಂದು ಭಾವಿಸೋಣ. ನೆಟ್ಟಗಿದ್ದಾಗ ಅದಕ್ಕೆ ಬೇಕಾದ ಅಡ್ಡಜಾಗ ೧೧ ಮಿಲಿಮೀಟರ್; ಪೂರ್ಣ ಮಲಗಿದಾಗ ೧೮. ಓರೆಯಾಗಿದ್ದಾಗ ಬೇಕಾಗುವ ಜಾಗವು ಉದ್ದವನ್ನು ಕೋನದ ಸೈನಿನಿಂದಲೂ ಅಗಲವನ್ನು ಕೊಸೈನಿನಿಂದಲೂ ಗುಣಿಸಿ ಕೂಡಿದಷ್ಟು. ಕೋನ ೪೫ ಡಿಗ್ರಿಯಾದರೆ ೧೨.೭ ಮತ್ತು ೭.೮, ಒಟ್ಟು ೨೦.೫ ಮಿಲಿಮೀಟರ್. ಸುಮಾರು ೫೯ ಡಿಗ್ರಿಯಲ್ಲಿ ಅದು ಪೆಟ್ಟಿಗೆಯ ಕರ್ಣಕ್ಕೆ ಸಮನಾಗಿ ೨೧.೧ ಮಿಲಿಮೀಟರಿನ ಗರಿಷ್ಠವನ್ನು ಮುಟ್ಟುವುದು. ನಿಜವಾದ ಹಲ್ಲು ಪೆಟ್ಟಿಗೆಯಲ್ಲ. ಬೇರಿನ ಕಡೆ ಅದು ಕಿರಿದಾಗುವುದು, ಬೇರು ಪೂರ್ಣವಾಗಿ ಬೆಳೆಯದಿರುವಾಗ ಉದ್ದವೂ ಕಡಿಮೆ. ಆದರೂ ತತ್ತ್ವ ಅದೇ. ಬೇರು ಚಿಕ್ಕದಿರುವಾಗ ತಿರುಗಲಾರದ ಹಲ್ಲು ಬೇರು ಬಲಿತ ಮೇಲೆ ತಿರುಗುವ ಸಂಭವ ಬಹಳ ಕಡಿಮೆ.

ಮುಂದಿನ ಹಲ್ಲುಗಳನ್ನು ತಳ್ಳುವುದೆ?

ನಮ್ಮ ವಿದ್ಯಾರ್ಥಿಯು ತರಗತಿಯಲ್ಲಿ ಕಲಿತುದನ್ನು ನೆನೆದು ಒಂದು ಒಳ್ಳೆಯ ಪ್ರಶ್ನೆ ಕೇಳಿದನು. ಹಲ್ಲು ಮೇಲೇಳುವ ಬಲವು ಅದರ ಉದ್ದಗೆರೆಯ ದಿಕ್ಕಿನಲ್ಲಿದೆಯಾದರೆ, ೪೫ ಡಿಗ್ರಿಯಲ್ಲಿ ಆ ಬಲದ ೦.೭೧ ಭಾಗ ಮೇಲಕ್ಕೂ ೦.೭೧ ಭಾಗ ಮುಂದಕ್ಕೂ ಇರಬೇಕಲ್ಲವೆ? ಹಾಗಾದರೆ ಅದು ಮುಂದಿನ ಹಲ್ಲುಗಳನ್ನೆಲ್ಲ ತಳ್ಳಿ ಬಾಚಿಹಲ್ಲುಗಳನ್ನು ಒಂದರ ಮೇಲೊಂದು ಏರಿಸುವುದಿಲ್ಲವೆ?

ಬಲವನ್ನು ಘಟಕಗಳಾಗಿ ಬಿಡಿಸಿದ್ದು ಸರಿ. ಆದರೆ ಬಲದ ದಿಕ್ಕನ್ನು ತಿಳಿದರೆ ಸಾಲದು, ಪ್ರಮಾಣವನ್ನೂ ತಿಳಿಯಬೇಕು. ಹಲ್ಲು ಮೂಡುವ ಬಲವು ಕೆಲವೇ ಗ್ರಾಂ ತೂಕದಷ್ಟು. ನಾಲಿಗೆ, ತುಟಿ, ಕೆನ್ನೆಗಳ ಒತ್ತಡಗಳು, ಅಗಿಯುವಾಗಿನ ದೊಡ್ಡ ಬಲಗಳು, ಹಲ್ಲುಹಲ್ಲಿನ ನಡುವಣ ತಾಕು ಇವೆಲ್ಲವೂ ಜೊತೆಗೆ ಕೆಲಸ ಮಾಡುತ್ತಿರುವಾಗ ಈ ಸಣ್ಣ ತಳ್ಳು ಸಾಲನ್ನೆಲ್ಲ ಕದಲಿಸೀತೆಂದು ಲೆಕ್ಕದಿಂದಷ್ಟೇ ಹೇಳಲಾಗದು; ಪ್ರಯೋಗ ಬೇಕು. ೧೯೯೮ರಲ್ಲಿ ಇಂಗ್ಲೆಂಡಿನ ಹ್ಯಾರಡೈನ್ ಮತ್ತು ಸಂಗಡಿಗರು ಅಂಥ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ತರುಣರನ್ನು ಚೀಟಿ ಎತ್ತಿದಂತೆ ಯದೃಚ್ಛೆಯಾಗಿ ಎರಡು ಗುಂಪು ಮಾಡಿ, ಒಂದು ಗುಂಪಿನವರ ಬುದ್ಧಿಹಲ್ಲುಗಳನ್ನು ತೆಗೆದು, ಇನ್ನೊಂದರಲ್ಲಿ ಬಿಟ್ಟು, ವರ್ಷಗಳ ಮೇಲೆ ಅಳೆದು ನೋಡಿದಾಗ ಮುಂದಿನ ಹಲ್ಲುಗಳ ಇಕ್ಕಟ್ಟನ್ನು ತಡೆಯುವುದಕ್ಕಾಗಿ ಬುದ್ಧಿಹಲ್ಲು ಕೀಳುವುದು ಸಮರ್ಥನೀಯವಲ್ಲವೆಂದು ತೀರ್ಮಾನವಾಯಿತು. ಬುದ್ಧಿಹಲ್ಲು ಹುಟ್ಟದೆ ಇರುವವರಲ್ಲಿಯೂ ವಯಸ್ಸಾದಂತೆ ಬಾಚಿಹಲ್ಲುಗಳು ಇಕ್ಕಟ್ಟಾಗುವುದುಂಟು.

ಸಂದಿಯಲ್ಲಿ ನಡೆಯುವ ಕೇಡು

ಹಾಗಾದರೆ ಓರೆಹಲ್ಲಿನಿಂದ ನಿಜವಾದ ಅಪಾಯವೆಲ್ಲಿ? ಅದು ತಳ್ಳುವುದರಲ್ಲಿ ಅಲ್ಲ, ಸಂದಿಯಲ್ಲಿ. ನೆಟ್ಟಗಿರುವ ಎರಡು ಹಲ್ಲುಗಳು ಒಂದನ್ನೊಂದು ಒತ್ತಿ ನಿಲ್ಲುವುವು. ಮುಂದಕ್ಕೆ ಬಾಗಿದ ಹಲ್ಲಿಗೂ ಅದರ ಮುಂದಿನ ಹಲ್ಲಿಗೂ ನಡುವೆ ಬೆಣೆಯಾಕಾರದ ಒಂದು ಹಳ್ಳವುಂಟಾಗುವುದು. ರೊಟ್ಟಿಯ ನುಚ್ಚು, ಕಾಳಿನ ಸಿಪ್ಪೆ ಅದರಲ್ಲಿ ಸೇರುವುವು. ಬ್ರಷ್ಷು ಅಲ್ಲಿಗೆ ಹೋಗದು. ಸೂಕ್ಷ್ಮಜೀವಿಗಳು ಪಿಷ್ಟ ಸಕ್ಕರೆಗಳಿಂದ ಆಮ್ಲವನ್ನು ಮಾಡುವುವು. ಬಾಯಿಯ ಪಿಎಚ್ ಸುಮಾರು ೫.೫ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮಲ್ ಕರಗತೊಡಗುವುದು. ಹೀಗೆ ಕೊಳೆಯುವುದು ಬುದ್ಧಿಹಲ್ಲು ಮಾತ್ರವಲ್ಲ. ಅದರ ಮುಂದಿರುವ, ನಮಗೆ ನಿಜವಾಗಿ ಬೇಕಾದ ಎರಡನೆಯ ದವಡೆಹಲ್ಲಿನ ಬೆನ್ನು ಕೂಡ. ಓರೆಹಲ್ಲಿನ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಇದು: ಪಕ್ಕದ ಹಲ್ಲು ಕ್ಷೇಮವಾಗಿದೆಯೆ?

ಎರಡನೆಯ ಕೇಡು ಅರ್ಧ ಮೂಡಿದ ಹಲ್ಲಿನ ಮೇಲೆ ಮುಚ್ಚಳದಂತೆ ಉಳಿಯುವ ವಸಡಿನದು. ಅದರ ಅಡಿಯಲ್ಲಿ ಗಾಳಿಯಿಲ್ಲದೆ ಬಾಳುವ ಸೂಕ್ಷ್ಮಜೀವಿಗಳು ಬೆಳೆದು ವಸಡು ಊದುವುದು. ಮೇಲಿನ ಹಲ್ಲು ಆ ಊತವನ್ನೇ ಕಚ್ಚುವುದು. ಕೀವು, ದುರ್ವಾಸನೆ, ಜ್ವರ, ಬಾಯಿ ತೆರೆಯಲಾಗದಿರುವಿಕೆ ಕ್ರಮವಾಗಿ ಬರುವುವು. ಗುಳಿಗೆಯಿಂದ ಇದು ತಾತ್ಕಾಲಿಕವಾಗಿ ಇಳಿಯಬಹುದು. ಆದರೆ ಮುಚ್ಚಳವೂ ಹಳ್ಳವೂ ಇದ್ದಲ್ಲಿಯೇ ಇರುವುದರಿಂದ ಮತ್ತೆ ಬರುವುದು. ನಮ್ಮ ವಿದ್ಯಾರ್ಥಿಗೆ ಆದುದು ಇದೇ. ಅಪರೂಪವಾಗಿ ಹೂತ ಹಲ್ಲಿನ ಸುತ್ತ ನೀರುಗಂಟು ಬೆಳೆಯುವುದೂ ಪಕ್ಕದ ಹಲ್ಲಿನ ಬೇರು ಕರಗುವುದೂ ಉಂಟು.

ನೆರಳನ್ನು ಓದುವುದು

ಮೂಳೆಯೊಳಗಿನ ಓರೆಯನ್ನು ಕಣ್ಣಿನಿಂದ ಕಾಣಲಾಗದು. ಅದಕ್ಕೆ ಕ್ಷ-ಕಿರಣ ಬೇಕು. ರಾಂಟ್ಜನ್ ಈ ಕಿರಣಗಳನ್ನು ಕಂಡುಹಿಡಿದದ್ದು ೧೮೯೫ರ ನವೆಂಬರಿನಲ್ಲಿ. ೧೮೯೬ರ ಜನವರಿಯಲ್ಲಿ ಜರ್ಮನಿಯ ಆಟೋ ವಾಲ್ಕಾಫ್ ತನ್ನ ಹಲ್ಲುಗಳ ಚಿತ್ರವನ್ನು ತೆಗೆದನು. ಅದಕ್ಕಾಗಿ ೨೫ ನಿಮಿಷ ಅಲುಗದೆ ಕಿರಣಕ್ಕೆ ಮೈಯೊಡ್ಡಬೇಕಾಯಿತು. ಇಂದು ಎರಡು ದವಡೆಗಳನ್ನೂ ಒಂದೇ ಹಾಳೆಯಲ್ಲಿ ತೋರಿಸುವ ಓ.ಪಿ.ಜಿ. ಎಂಬ ಚಿತ್ರ ಕೆಲವು ಸೆಕೆಂಡುಗಳ ಕೆಲಸ. ಅದರಿಂದ ದೇಹಕ್ಕೆ ತಗಲುವ ಕಿರಣ ಸುಮಾರು ೨೦ ಮೈಕ್ರೋಸೀವರ್ಟಿನ ಆಸುಪಾಸು. ನೆಲದಿಂದಲೂ ಆಕಾಶದಿಂದಲೂ ಪ್ರಕೃತಿಯಲ್ಲಿ ನಮಗೆ ವರ್ಷಕ್ಕೆ ಸರಾಸರಿ ೨,೪೦೦ ಮೈಕ್ರೋಸೀವರ್ಟ್ ತಗಲುವುದು. ಭಾಗಿಸಿ ನೋಡಿದರೆ ಒಂದು ಚಿತ್ರವು ಸುಮಾರು ಮೂರು ದಿನಗಳ ಸಹಜ ಕಿರಣಕ್ಕೆ ಸಮ. ಕಾರಣವಿಲ್ಲದೆ ತೆಗೆಸಬಾರದು, ಕಾರಣವಿದ್ದಾಗ ಅಂಜಬೇಕಾಗಿಲ್ಲ.

ಕೆಳದವಡೆಯೊಳಗೆ ಒಂದು ಕಾಲುವೆಯಲ್ಲಿ ಕೆಳತುಟಿಗೆ ಮತ್ತು ಗದ್ದಕ್ಕೆ ಸ್ಪರ್ಶಜ್ಞಾನ ಕೊಡುವ ನರ ಹೋಗುತ್ತದೆ. ಬುದ್ಧಿಹಲ್ಲಿನ ಬೇರು ಅದರ ಬಳಿಯಲ್ಲೇ ಇರಬಹುದು. ಚಿತ್ರದಲ್ಲಿ ಬೇರೂ ಕಾಲುವೆಯೂ ಒಂದರ ಮೇಲೊಂದು ಕಂಡರೆ ಅವು ನಿಜವಾಗಿ ತಾಗಿವೆಯೆ, ಇಲ್ಲವೆ ಒಂದರ ಹಿಂದೆ ಒಂದು ದೂರದಲ್ಲಿವೆಯೆ? ನೆರಳಿಗೆ ಆಳವಿಲ್ಲ. ಎರಡು ಪೆನ್ಸಿಲುಗಳನ್ನು ಹಿಂದೆಮುಂದೆ ಹಿಡಿದು ಟಾರ್ಚಿನಿಂದ ಗೋಡೆಯ ಮೇಲೆ ನೆರಳು ಬೀಳಿಸಿ ನೋಡಿರಿ, ನೆರಳು ಒಂದೇ. ಟಾರ್ಚನ್ನು ಪಕ್ಕಕ್ಕೆ ಸರಿಸಿದೊಡನೆ ನೆರಳುಗಳು ಬೇರೆಯಾಗುವುವು. ಯಾವುದು ಹೆಚ್ಚು ಸರಿಯಿತೆಂಬುದರಿಂದ ಯಾವುದು ಟಾರ್ಚಿಗೆ ಹತ್ತಿರವೆಂದು ಹೇಳಬಹುದು. ಕಿರಣದ ನಳಿಗೆಯನ್ನು ಸರಿಸಿ ಎರಡು ಚಿತ್ರ ತೆಗೆಯುವ ಹಳೆಯ ಉಪಾಯಕ್ಕೆ ಆಧಾರ ಈ ದೃಷ್ಟಿಭೇದವೇ. ಸುತ್ತಲೂ ತಿರುಗಿ ನೂರಾರು ನೆರಳುಗಳನ್ನು ಹಿಡಿದು ಗಣಕಯಂತ್ರದಿಂದ ಮೂರು ಆಯಾಮದ ರೂಪ ಕಟ್ಟುವ ಇಂದಿನ ಯಂತ್ರಗಳದೂ ಅದೇ ಮೂಲತತ್ತ್ವ. ಸಂದೇಹವಿರುವ ಹಲ್ಲುಗಳಿಗೆ ಮಾತ್ರ ಅವು ಬೇಕಾಗುವುವು.

ಏನು ಮಾಡಬೇಕು?

ಈಗ ಮೂಲಪ್ರಶ್ನೆಗೆ ಬರೋಣ. ಓರೆ ಎಂಬ ಒಂದೇ ಕಾರಣಕ್ಕೆ ಹಲ್ಲು ಕೀಳಬೇಕಾಗಿಲ್ಲ. ಬ್ರಿಟನ್ನಿನ ಆರೋಗ್ಯ ಸಂಸ್ಥೆಯಾದ ನೈಸ್ ೨೦೦೦ದಲ್ಲಿ ಕೊಟ್ಟ ಮಾರ್ಗದರ್ಶನದ ಪ್ರಕಾರ ರೋಗವಿಲ್ಲದ ಸಿಕ್ಕಿಕೊಂಡ ಬುದ್ಧಿಹಲ್ಲುಗಳನ್ನು ಮುಂಜಾಗ್ರತೆಗೆಂದು ಕೀಳುವ ಪದ್ಧತಿ ನಿಲ್ಲಬೇಕು. ಅನಂತರ ಕೆಲವು ತಜ್ಞರು, ಹೀಗೆ ಬಿಟ್ಟ ಮುಂದೋರೆ ಹಲ್ಲುಗಳಿಂದ ಪಕ್ಕದ ಹಲ್ಲು ಹಾಳಾಗುವುದನ್ನು ಎತ್ತಿ ತೋರಿಸಿದರು. ಎರಡೂ ಮಾತುಗಳನ್ನು ಕೂಡಿಸಿ ನೋಡಿದರೆ ದಾರಿ ಕಾಣುವುದು: ಕೀಳದೆ ಬಿಡುವುದೆಂದರೆ ಮರೆತುಬಿಡುವುದಲ್ಲ, ಕಾಲಕಾಲಕ್ಕೆ ನೋಡಿಸುತ್ತಿರುವುದು.

ಆಯ್ಕೆಗಳು ನಾಲ್ಕು. ಒಂದನೆಯದು, ನೋವಿಲ್ಲದೆ, ಕೊಳೆಯದೆ, ಪಕ್ಕದ ಹಲ್ಲಿಗೆ ಕೇಡಿಲ್ಲದೆ ಇದ್ದರೆ ಚೊಕ್ಕಟವಾಗಿಟ್ಟುಕೊಂಡು ಕಾಯುವುದು. ಎರಡನೆಯದು, ಹಲ್ಲು ಬಹುಮಟ್ಟಿಗೆ ನೆಟ್ಟಗಿದ್ದು ಜಾಗವೂ ಇದ್ದು ವಸಡಿನ ಮುಚ್ಚಳವೊಂದೇ ತೊಂದರೆಯಾಗಿದ್ದರೆ ಅದನ್ನು ಶುಚಿಮಾಡಿಸುವುದು, ವೈದ್ಯರು ಹೇಳಿದರೆ ಕತ್ತರಿಸಿ ತೆಗೆಸುವುದು. ಮೂರನೆಯದು, ಮೇಲಿಂದಮೇಲೆ ಕೀವಾಗುವುದು, ತುಂಬಲಾಗದಷ್ಟು ಹುಳುಕು, ಪಕ್ಕದ ಹಲ್ಲಿಗೆ ಕೇಡು, ಗಂಟು ಇವುಗಳಲ್ಲಿ ಯಾವುದಾದರೂ ಇದ್ದರೆ ಹಲ್ಲನ್ನು ತೆಗೆಸುವುದು. ನಾಲ್ಕನೆಯದು, ಬೇರು ನರಕ್ಕೆ ತೀರ ಹತ್ತಿರವಾಗಿದ್ದು ಹಲ್ಲು ಜೀವಂತವಾಗಿದ್ದರೆ ತಲೆಯನ್ನಷ್ಟೇ ಕತ್ತರಿಸಿ ಬೇರನ್ನು ಮೂಳೆಯಲ್ಲಿಯೇ ಬಿಡುವುದು. ಎರಡನೆಯ ದವಡೆಹಲ್ಲೇ ಓರೆಯಾಗಿ ಮೂಡುತ್ತಿದ್ದರೆ ವಿಚಾರ ಬೇರೆ: ಅದು ಕಳೆದುಕೊಳ್ಳಬಾರದ ಹಲ್ಲಾದುದರಿಂದ, ತಂತಿ ಸ್ಪ್ರಿಂಗುಗಳ ಸಣ್ಣ ಬಲವನ್ನು ತಿಂಗಳುಗಟ್ಟಲೆ ಹಾಕಿ ನೆಟ್ಟಗೆ ಮಾಡಲು ದಂತವೈದ್ಯರು ಪ್ರಯತ್ನಿಸುವರು.

ಕೀಳುವ ಯಂತ್ರಶಾಸ್ತ್ರ

ಮೊದಲು ಲಿಡೊಕೇನ್ ಚುಚ್ಚುಮದ್ದು. ನರತಂತುವಿನ ಪೊರೆಯಲ್ಲಿ ಸೋಡಿಯಂ ಅಯಾನುಗಳು ಹಾಯುವ ದ್ವಾರಗಳನ್ನು ಅದು ಮುಚ್ಚುವುದರಿಂದ ನೋವಿನ ವಿದ್ಯುತ್ ಸಂಕೇತ ಮುಂದೆ ಸಾಗದು. ಒತ್ತಿದ್ದು ತಿಳಿಯುತ್ತದೆ, ನೋವು ತಿಳಿಯದು. ಅನಂತರ ಎಲಿವೇಟರ್ ಎಂಬ ಉಪಕರಣ. ಅದು ಶುದ್ಧವಾದ ಸನ್ನೆಗೋಲು. ಕೈಹಿಡಿಯ ಕಡೆಯ ತೋಳು ತುದಿಯ ಕಡೆಯದಕ್ಕಿಂತ ಮೂರರಷ್ಟಿದ್ದರೆ ಬಲವೂ ಮೂರರಷ್ಟಾಗುವುದು. ಆದರೆ ಸನ್ನೆಗೆ ಆಧಾರಬಿಂದು ಬೇಕು. ಪಕ್ಕದ ಹಲ್ಲನ್ನೇ ಆಧಾರ ಮಾಡಿದರೆ ಅದೂ ಅಲುಗುವುದು. ಆದುದರಿಂದ ಬಲ್ಲವರು ಮೂಳೆಯ ಅಂಚನ್ನು ಆಧಾರವಾಗಿ ಹಿಡಿಯುವರು.

ಓರೆಹಲ್ಲನ್ನು ಮೇಲಕ್ಕೆ ಎಳೆದರೆ ಅದರ ತಲೆ ಮುಂದಿನ ಹಲ್ಲಿನ ಹೊಟ್ಟೆಗೆ ತಾಗುವುದು. ಬಲ ಹೆಚ್ಚಿಸುವುದು ಇದಕ್ಕೆ ಉಪಾಯವಲ್ಲ. ಹಾಗೆ ಮಾಡಿದರೆ ದವಡೆ ಮುರಿದೀತು. ಬಾಗಿಲಿನಲ್ಲಿ ಹಿಡಿಸದ ಮಂಚವನ್ನು ನಾವು ಬಿಚ್ಚಿ ಸಾಗಿಸುವಂತೆ, ವೈದ್ಯರು ಹಲ್ಲನ್ನು ಎರಡು ಮೂರು ತುಂಡು ಮಾಡಿ ಒಂದೊಂದಾಗಿ ತೆಗೆಯುವರು. ಹಿಂದೋರೆಯ ಹಲ್ಲು ನೋಡಲು ಸುಲಭವೆನಿಸಿದರೂ ತೆಗೆಯಲು ಹೆಚ್ಚು ಕಷ್ಟ; ಅದು ಹೊರಬರುವ ದಾರಿ ದವಡೆಯ ಏರುಮೂಳೆಗೆ ನೇರ ಹೋಗಿ ಹೊಡೆಯುತ್ತದೆ. ಮೂಳೆಯನ್ನು ಕೊರೆಯುವಾಗ ನೀರು ಬಿಡುತ್ತಿರುವುದಕ್ಕೂ ಕಾರಣವಿದೆ. ಘರ್ಷಣೆಯಿಂದ ಶಾಖ ಹುಟ್ಟುವುದು. ೪೭ ಡಿಗ್ರಿ ಸೆಲ್ಸಿಯಸ್ ಶಾಖ ಒಂದು ನಿಮಿಷ ತಾಗಿದರೆ ಮೂಳೆಯ ಜೀವಕೋಶಗಳಿಗೆ ಹಾನಿಯಾಗುವುದೆಂದು ೧೯೮೩ರಲ್ಲಿ ಎರಿಕ್‌ಸನ್ ಮತ್ತು ಆಲ್ಬ್ರೆಕ್ಟ್‌ಸನ್ ಪ್ರಯೋಗದಿಂದ ತೋರಿಸಿದರು.

ಅಪಾಯವನ್ನೂ ಮುಚ್ಚಿಡಬಾರದು. ಕೆಲವರಿಗೆ ಕೆಳತುಟಿ ಅಥವಾ ನಾಲಿಗೆಯಲ್ಲಿ ಜೋಮು ಕೆಲವು ವಾರ ಉಳಿಯುವುದು. ಶಾಶ್ವತವಾಗಿ ಉಳಿಯುವುದು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಈ ಸಣ್ಣ ಅಪಾಯವನ್ನು ಬಿಟ್ಟುಬಿಡುವುದರಿಂದಾಗುವ ಅಪಾಯದೊಡನೆ ತೂಗಿ ನೋಡಿಯೇ ತೀರ್ಮಾನಿಸಬೇಕು. ಇದಕ್ಕಾಗಿ ವೈದ್ಯರನ್ನು, "ನನ್ನ ಹಲ್ಲಿನ ಬೇರು ನರಕ್ಕೆ ಎಷ್ಟು ಹತ್ತಿರವಿದೆ?" ಎಂದು ಕೇಳಲು ಸಂಕೋಚಪಡಬಾರದು. ನಮ್ಮ ಕಡೆಯವರಿಗೆ ಧಾರವಾಡದಲ್ಲಿ ೧೯೮೬ರಲ್ಲಿ ಆರಂಭವಾದ ಎಸ್.ಡಿ.ಎಂ. ದಂತವೈದ್ಯ ಕಾಲೇಜಿನಂಥ ಸಂಸ್ಥೆಗಳು ದೂರವೇನಲ್ಲ. ಕಷ್ಟದ ಹಲ್ಲುಗಳನ್ನು ಅಂಥಲ್ಲಿ ತೋರಿಸುವುದು ಲೇಸು.

ಅನಂತರದ ದಿನಗಳು

ಹಲ್ಲು ತೆಗೆದ ಕುಳಿಯಲ್ಲಿ ಹೆಪ್ಪುಗಟ್ಟುವ ರಕ್ತವೇ ಪ್ರಕೃತಿಯ ಪಟ್ಟಿ. ಅದು ಜಾರಿದರೆ ಮೂಳೆ ಬಯಲಾಗಿ ಕೆಲವು ದಿನ ತೀವ್ರ ನೋವಾಗುವುದು. ಸ್ಟ್ರಾ ಹಾಕಿ ಹೀರುವಾಗ ಬಾಯಿಯೊಳಗಿನ ಒತ್ತಡ ಹೊರಗಿನ ವಾಯುವಿನ ಒತ್ತಡಕ್ಕಿಂತ ಕಡಿಮೆಯಾಗುವುದು; ಹೆಪ್ಪು ಎದ್ದುಬರಬಹುದು. ಜೋರಾಗಿ ಉಗುಳುವುದೂ ಹಾಗೆಯೇ. ಬೀಡಿ, ಸಿಗರೇಟು, ಗುಟಖಾಗಳಂತೂ ಕೂಡದು. ಮೊದಲ ದಿನ ಕೆನ್ನೆಯ ಹೊರಗೆ ತಣ್ಣನೆಯ ಬಟ್ಟೆ. ಮರುದಿನದಿಂದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮೆಲ್ಲಗೆ ಮುಕ್ಕಳಿಸುವುದು. ಊತವು ಎರಡು ಮೂರನೆಯ ದಿನಕ್ಕೆ ಹೆಚ್ಚಾಗಿ ಅನಂತರ ಇಳಿಯುವುದು ಸಹಜ. ಇಳಿಯದೆ ಏರುತ್ತ ಹೋದರೆ ವೈದ್ಯರಿಗೆ ತೋರಿಸಬೇಕು.

ಕೆಲವು ತಪ್ಪು ತಿಳಿವಳಿಕೆಗಳು

ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುವುದೆಂಬ ಭಯ ನಮ್ಮಲ್ಲಿ ಬಲವಾಗಿದೆ. ನೋಟದ ನರ ಮೆದುಳಿನಿಂದ ಹೊರಡುವ ಎರಡನೆಯ ನರ. ಹಲ್ಲುಗಳದು ಐದನೆಯದರ ಕವಲು. ದಾರಿಗಳೇ ಬೇರೆ. ಹಲ್ಲುನೋವಿಗೆ ಆಸ್ಪಿರಿನ್ ಗುಳಿಗೆಯನ್ನು ವಸಡಿನ ಮೇಲೆ ಇಡುವ ರೂಢಿಯೂ ಇದೆ. ಅದು ಆಮ್ಲ, ವಸಡನ್ನು ಸುಡುತ್ತದೆ. ಹೊಗೆಸೊಪ್ಪನ್ನು ಅದುಮಿಡುವುದು ಇನ್ನೂ ಕೆಟ್ಟದು. ಅಡಕೆ, ಗುಟಖಾ ಜಗಿಯುವವರಿಗೆ ಬಾಯಿ ಬರಬರುತ್ತ ಕಿರಿದಾದರೆ ಕಾರಣ ಬುದ್ಧಿಹಲ್ಲಲ್ಲದೆ ಬೇರೆಯೇ ಇರಬಹುದು. ಆ ಅಭ್ಯಾಸದಿಂದ ಕೆನ್ನೆಯ ಒಳಪೊರೆ ನಾರುಗಟ್ಟುವ ರೋಗವುಂಟು. ಅದು ಮುಂದೆ ಕ್ಯಾನ್ಸರಿಗೂ ತಿರುಗಬಹುದು. ಬೇಗನೆ ತೋರಿಸಬೇಕು.

ಇನ್ನು ತಡಮಾಡಲೇಬಾರದ ಲಕ್ಷಣಗಳನ್ನು ಮನೆಯವರೆಲ್ಲರೂ ನೆನಪಿಡಲಿ: ಜ್ವರದೊಡನೆ ಗದ್ದದ ಅಡಿ ಅಥವಾ ಕೊರಳು ಊದುವುದು, ಉಗುಳು ನುಂಗಲಾಗದಿರುವುದು, ದನಿ ಬದಲಾಗುವುದು, ಉಸಿರಾಟ ಕಷ್ಟವಾಗುವುದು. ಹಲ್ಲಿನ ಕೀವು ಕೊರಳಿನ ಪದರಗಳಿಗೆ ಇಳಿದು ಉಸಿರಿನ ದಾರಿಯನ್ನು ಅದುಮುವುದುಂಟು. ಆಗ ಬೆಳಗಾಗಲೆಂದು ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ನಮ್ಮ ವಿದ್ಯಾರ್ಥಿಯ ಚಿತ್ರದಲ್ಲಿ ಎಡಗಡೆಯ ಹಲ್ಲು ಸುಮಾರು ೪೦ ಡಿಗ್ರಿ ಮುಂದಕ್ಕೆ ಬಾಗಿತ್ತು; ಎರಡನೆಯ ದವಡೆಹಲ್ಲಿನ ಬೆನ್ನಿನಲ್ಲಿ ಹುಳುಕು ಆಗ ತಾನೇ ಆರಂಭವಾಗಿತ್ತು. ಬೇರು ಕಾಲುವೆಯಿಂದ ದೂರವಿತ್ತು. ಬಲಗಡೆಯದು ನೆಟ್ಟಗಿತ್ತು, ಮೇಲಿನ ಎರಡರಿಂದ ತೊಂದರೆಯಿರಲಿಲ್ಲ. ವೈದ್ಯರು ಮೊದಲು ಸೋಂಕನ್ನು ಇಳಿಸಿ, ಪರೀಕ್ಷೆಗೆ ಮೂರು ವಾರ ಇರುವಾಗ ಎಡಗಡೆಯ ಒಂದನ್ನು ಮಾತ್ರ ತೆಗೆದು, ಮುಂದಿನ ಹಲ್ಲಿನ ಹುಳುಕನ್ನು ತುಂಬಿದರು. ಉಳಿದ ಮೂರನ್ನು ವರ್ಷಕ್ಕೊಮ್ಮೆ ನೋಡಿಸಿಕೊಳ್ಳಲು ಹೇಳಿ ಬಿಟ್ಟರು. ಮೂರನೆಯ ಸಲವೂ ಗುಳಿಗೆ ನುಂಗಿ ದಿನ ತಳ್ಳಿದ್ದರೆ ಹೋಗುತ್ತಿದ್ದುದು ಬುದ್ಧಿಹಲ್ಲಲ್ಲ, ಬಾಳೆಲ್ಲ ಬೇಕಾದ ಅದರ ನೆರೆಯ ಹಲ್ಲು. ತಂದೆಯ ಮಾತೂ ಗೆಳೆಯನ ಮಾತೂ ಅವನ ಹಲ್ಲಿಗೆ ಹೊಂದಲಿಲ್ಲ. ಹೊಂದಿದ್ದು ಅವನ ಹಲ್ಲನ್ನೇ ನೋಡಿ, ಅಳೆದು ಮಾಡಿದ ತೀರ್ಮಾನ. ಮುಂದಿನ ಜಾತ್ರೆಯಲ್ಲಿ ಅವನು ಮಜ್ಜಿಗೆಯನ್ನು ಅಜ್ಜಿಗೇ ಬಿಟ್ಟುಕೊಟ್ಟನೆಂದು ಕೇಳಿ ಸಂತೋಷಪಟ್ಟೆವು.

ಅಭ್ಯಾಸ

೧. ಒಂದು ಹಲ್ಲು ೩೦ ಡಿಗ್ರಿ ಮುಂದಕ್ಕೆ ಬಾಗಿದೆ. ಅದು ಮೂಡುವ ಬಲದ ಎಷ್ಟು ಭಾಗ ಮೇಲಕ್ಕೂ ಎಷ್ಟು ಭಾಗ ಮುಂದಕ್ಕೂ ಇದೆ? (ಉತ್ತರ: ೦.೮೭; ೦.೫೦.)

೨. ೨೦ ಮಿಲಿಮೀಟರ್ ಉದ್ದ, ೧೦ ಮಿಲಿಮೀಟರ್ ಅಗಲದ ಪೆಟ್ಟಿಗೆಯನ್ನು ತಿರುಗಿಸುವಾಗ ಬೇಕಾಗುವ ಗರಿಷ್ಠ ಅಡ್ಡಜಾಗವೆಷ್ಟು? (ಉತ್ತರ: ೨೨.೪ ಮಿಲಿಮೀಟರ್.)

೩. ದವಡೆಯ ಕೀಲಿನಿಂದ ಸ್ನಾಯು ೪ ಸೆಂಟಿಮೀಟರ್, ದವಡೆಹಲ್ಲು ೬ ಸೆಂಟಿಮೀಟರ್, ಬಾಚಿಹಲ್ಲು ೧೦ ಸೆಂಟಿಮೀಟರ್ ದೂರದಲ್ಲಿವೆ ಎಂದು ಭಾವಿಸಿ, ಸ್ನಾಯುವಿನ ಬಲದ ಎಷ್ಟು ಭಾಗ ಎರಡು ಕಡೆಗಳಲ್ಲಿ ದೊರೆಯುವುದೆಂದು ಲೆಕ್ಕ ಮಾಡಿರಿ. (ಉತ್ತರ: ೦.೬೭, ೦.೪೦.) ಖಡಕ್ ರೊಟ್ಟಿಯನ್ನು ಹಿಂದಿನ ಹಲ್ಲಿನಿಂದಲ್ಲದೆ ಮುಂದಿನ ಹಲ್ಲಿನಿಂದ ಏಕೆ ನುರಿಸಲಾಗದೆಂಬುದನ್ನು ಇದರಿಂದ ವಿವರಿಸಿರಿ.